ವಿನೈಲ್ ತಟ್ಟೆಗೆ ಮಿತಬೆಲೆಯ ಆಂಪ್ಲಿಫೈಯರ್: ಫೋನೋ ಹಂತವನ್ನು ಅರಿತು ಆರಿಸುವುದು

ಮೊದಲ ಸಲ ಟರ್ನ್‌ಟೇಬಲ್ ತಂದು ಆಂಪ್ಲಿಫೈಯರ್‌ನ ಆಕ್ಸ್ ಕಿಂಡಿಗೆ (ಸಿ.ಡಿ. ಪ್ಲೇಯರ್‌ನಂಥವುಗಳ ಸಂಕೇತಕ್ಕೆ ಇರುವ ಸಾಮಾನ್ಯ ಕಿಂಡಿ) ಜೋಡಿಸಿದಾಗ ಹಾಡು ತೀರ ಕ್ಷೀಣವಾಗಿ, ಮಂದ್ರ ಸ್ವರಗಳೇ ಇಲ್ಲದಂತೆ ಕೇಳಿಸಿತು. ತಟ್ಟೆ ಸವೆದಿದೆ ಎಂದು ನಾನು ಭಾವಿಸಿದ್ದೆ. ಆದರೆ ಕೊರತೆ ಇದ್ದದ್ದು ಫೋನೋ ಹಂತದ್ದು, ಅಂದರೆ ತಟ್ಟೆಯಿಂದ ಬರುವ ಸಣ್ಣ ಸಂಕೇತವನ್ನು ಹಿಗ್ಗಿಸಿ ಅದರ ಸ್ವರಸಮತೋಲವನ್ನು ಸರಿಪಡಿಸುವ ಸರ್ಕ್ಯೂಟ್‌ನದು. ಆಂಪ್ಲಿಫೈಯರ್ ಕೊಳ್ಳಲು ಹೊರಟ ಸಹಕಲಿಕೆದಾರರು ವಾಟ್‌ಗಳ ಲೆಕ್ಕಕ್ಕಿಂತ ಮೊದಲು ಇದನ್ನು ಅರಿತರೆ ಹಣವೂ ಉಳಿಯುತ್ತದೆ, ಹಾಡೂ ಚೆನ್ನಾಗಿ ಕೇಳುತ್ತದೆ.

ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಕಾರ್ಟ್ರಿಡ್ಜ್. ಇಂದು ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ (ಆಯಸ್ಕಾಂತ ಅಲುಗುವ) ಕಾರ್ಟ್ರಿಡ್ಜ್‌ನಿಂದ ಹೊರಡುವ ಸಂಕೇತ ಸುಮಾರು 3ರಿಂದ 6 ಮಿಲಿವೋಲ್ಟ್ ಮಾತ್ರ, ಸಿ.ಡಿ. ಪ್ಲೇಯರ್‌ನಿಂದ ಬರುವ ಗರಿಷ್ಠ ಸಂಕೇತವಾದರೋ ಸುಮಾರು 2 ವೋಲ್ಟ್. ಆದ್ದರಿಂದ ತಟ್ಟೆಯ ಸಂಕೇತವನ್ನು ಮೊದಲು ಸುಮಾರು 40 ಡೆಸಿಬೆಲ್, ಅಂದರೆ 100 ಪಟ್ಟು, ಹೆಚ್ಚಿಸಬೇಕು. ಇನ್ನೊಂದು ಬಗೆಯಾದ ಮೂವಿಂಗ್ ಕಾಯಿಲ್ (ತಂತಿಸುರುಳಿ ಅಲುಗುವ) ಕಾರ್ಟ್ರಿಡ್ಜ್‌ಗಳ ಸಂಕೇತ ಇದಕ್ಕಿಂತಲೂ ಬಹಳ ಸಣ್ಣದು. ಮಿತ ವೆಚ್ಚದಲ್ಲಿ ಆರಂಭಿಸುವವರು ಸದ್ಯಕ್ಕೆ ಅದರ ಗೊಡವೆಗೆ ಹೋಗಬೇಕಾಗಿಲ್ಲ.

ಫೋನೋ ಹಂತದ ಎರಡನೆಯ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಮಂದ್ರ ಸ್ವರಗಳನ್ನು ಇದ್ದ ಹಾಗೆಯೇ ಕೊರೆದರೆ ತಟ್ಟೆಯ ಗೆರೆ ಅಗಲವಾಗಿ ಓಲಾಡಿ ಜಾಗ ನುಂಗುತ್ತದೆ, ಮುಳ್ಳು ಹಾರುವ ಸಂಭವವೂ ಇರುತ್ತದೆ. ಹಾಗಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರ ಭಾಗವನ್ನು ಹೆಚ್ಚಿಸುತ್ತಾರೆ. ನುಡಿಸುವಾಗ ಅದಕ್ಕೆ ನೇರ ವಿರುದ್ಧವಾಗಿ ಮಂದ್ರವನ್ನು ಎತ್ತಿ ತಾರವನ್ನು ಇಳಿಸಿದರೆ ಸ್ವರಸಮತೋಲ ಮರಳುವುದಲ್ಲದೆ ತಟ್ಟೆಯ ಚರಪರ ಸದ್ದೂ ತಗ್ಗುತ್ತದೆ. ಅಮೆರಿಕದಲ್ಲಿ 1954ರಲ್ಲಿ ನಿಗದಿಯಾದ ಆರ್.ಐ.ಎ.ಎ. (ಅಲ್ಲಿನ ಧ್ವನಿಮುದ್ರಣ ಉದ್ಯಮದ ಸಂಘ) ರೇಖೆಯ ಪ್ರಕಾರ, ನುಡಿಸುವಾಗ 1000 ಹರ್ಟ್ಸ್‌ಗೆ ಹೋಲಿಸಿದಾಗ 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಏರಿಕೆ, 20,000 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ ಆಗಬೇಕು.

ಇದರ ಒಂದು ಪರಿಣಾಮ ನಮ್ಮ ಮನೆಗಳಲ್ಲಿ ನೇರವಾಗಿ ಕಿವಿಗೆ ಬೀಳುತ್ತದೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದು; ಆ ಜಾಗದಲ್ಲಿ ಈ ರೇಖೆ ಸುಮಾರು 17 ಡೆಸಿಬೆಲ್, ಅಂದರೆ 7 ಪಟ್ಟು, ಏರಿಸುತ್ತದೆ. ಸರ್ಕ್ಯೂಟ್‌ನೊಳಗೆ ನುಸುಳಿದ ಸಣ್ಣ ಗುಂಯ್‌ಗುಟ್ಟುವಿಕೆಯೂ ಹಾಡಿನ ಮೇಲೆ ಏರಿ ಕೂರುವುದು ಇದರಿಂದಲೇ. ಟರ್ನ್‌ಟೇಬಲ್‌ಗೆ ಬೇರೆಯಾದ ಅರ್ತ್ ತಂತಿಯಿದ್ದರೆ ಅದನ್ನು ಆಂಪ್ಲಿಫೈಯರ್‌ನ ಅರ್ತ್ ತಿರುಪಿಗೆ ಬಿಗಿಯಾಗಿ ಕಟ್ಟುವುದನ್ನು ಮರೆಯಬಾರದು.

ಕೊಳ್ಳುವಾಗ ಮಾದರಿಯ ಹೆಸರನ್ನು ಪೂರ್ತಿಯಾಗಿ ಓದಬೇಕು. ಉದಾಹರಣೆಗೆ, ಕೇಂಬ್ರಿಜ್ ಆಡಿಯೋದ ಎಎಕ್ಸ್‌ಎ 35ರಲ್ಲಿ ಫೋನೋ ಕಿಂಡಿ ಇದೆ, ಅದರ ತಮ್ಮನಂತಿರುವ ಎಎಕ್ಸ್‌ಎ 25ರಲ್ಲಿ ಇಲ್ಲ. ಯಮಾಹಾದ ಎ-ಎಸ್ 201ರಲ್ಲಿ ಇದೆ. ಅಗ್ಗದ ಪುಟ್ಟ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವುಗಳ ಜೊತೆಗೆ ಬೇರೆ ಫೋನೋ ಪ್ರೀಆಂಪ್ (ಫೋನೋ ಹಂತ ಮಾತ್ರ ಇರುವ ಪೆಟ್ಟಿಗೆ) ಕೊಳ್ಳುವುದು ಒಳ್ಳೆಯ ದಾರಿಯೇ, ಏಕೆಂದರೆ ಮುಂದೆ ಅದೊಂದನ್ನೇ ಬದಲಿಸಿಕೊಳ್ಳಬಹುದು. ಆಡಿಯೋ-ಟೆಕ್ನಿಕಾದ ಎಟಿ-ಎಲ್‌ಪಿ60ಎಕ್ಸ್‌ನಂಥ ಟರ್ನ್‌ಟೇಬಲ್‌ನೊಳಗೆ ಈ ಹಂತ ಮೊದಲೇ ಇದೆ. ಅದರ ಸ್ವಿಚ್ಚನ್ನು ಲೈನ್ ಕಡೆಗೆ ಇಟ್ಟು ಫೋನೋ ಕಿಂಡಿಗೆ ಜೋಡಿಸಿದರೆ ಎರಡು ಸಲ ಹಿಗ್ಗಿದ ಸಂಕೇತ ಒಡೆದು ಹೋಗುತ್ತದೆ; ಲೈನ್‌ಗೆ ಆಕ್ಸ್, ಫೋನೋಗೆ ಫೋನೋ ಎಂಬುದೇ ಸರಿಯಾದ ಜೋಡಿ. ಅಜ್ಜನ ಕಾಲದ ಪೆಟ್ಟಿಗೆ ಪ್ಲೇಯರ್‌ನಲ್ಲಿ ಸೆರಾಮಿಕ್ ಕಾರ್ಟ್ರಿಡ್ಜ್ ಇದ್ದರೆ ಅದರ ಸಂಕೇತ ನೂರಾರು ಮಿಲಿವೋಲ್ಟ್ ಇರುವುದರಿಂದ ಅದನ್ನು ಸಾಮಾನ್ಯ ಫೋನೋ ಕಿಂಡಿಗೆ ಜೋಡಿಸಬಾರದು.

ಕಾರ್ಟ್ರಿಡ್ಜ್ ಬಯಸುವ ಕೆಪಾಸಿಟೆನ್ಸ್ (ವಿದ್ಯುದಾವೇಶವನ್ನು ಹಿಡಿದಿಡುವ ಗುಣ, ಇದನ್ನು ಪಿಕೋಫ್ಯಾರಡ್‌ನಲ್ಲಿ ಅಳೆಯುತ್ತಾರೆ) ಕೂಡ ಗಮನಾರ್ಹ. ಆಡಿಯೋ-ಟೆಕ್ನಿಕಾದ ಎಟಿ-ವಿಎಂ95ಇ ಎಂಬ ಕಾರ್ಟ್ರಿಡ್ಜ್‌ಗೆ ತಯಾರಕರು ಸೂಚಿಸುವುದು 100ರಿಂದ 200 ಪಿಕೋಫ್ಯಾರಡ್. ಕೇಬಲ್ ಮತ್ತು ಫೋನೋ ಕಿಂಡಿ ಎರಡರದೂ ಕೂಡಿ ಈ ಮಿತಿ ದಾಟಿದರೆ ತಾರ ಸ್ವರಗಳ ಸ್ವರೂಪ ಕೆಡುತ್ತದೆ. ಕೇಬಲ್ ಗಿಡ್ಡವಾಗಿದ್ದಷ್ಟೂ ಒಳಿತು.

ವಾಟ್‌ಗಳ ವಿಷಯ ಚಿಕ್ಕದು. ಶಕ್ತಿ ಇಮ್ಮಡಿಯಾದರೆ ಸಿಗುವುದು 3 ಡೆಸಿಬೆಲ್ ಮಾತ್ರ, ಆದ್ದರಿಂದ 50 ಮತ್ತು 100 ವಾಟ್‌ಗಳ ನಡುವಣ ಅಂತರ ಕಿವಿಗೆ ಅಲ್ಪವೇ. 1978ರಲ್ಲಿ ಬಂದ ಎನ್.ಎ.ಡಿ. 3020 ಕೇವಲ 20 ವಾಟ್‌ನದಾದರೂ ಮಿತಬೆಲೆಯ ಆಂಪ್ಲಿಫೈಯರ್‌ಗಳಲ್ಲಿ ಇಂದಿಗೂ ಹೆಸರು ಉಳಿಸಿಕೊಂಡಿದೆ.

ಬಳಸಿದ ಸೆಟ್ ಕೊಳ್ಳುವುದಾದರೆ ಹಿಂಬದಿಯ ವೋಲ್ಟೇಜ್ ಫಲಕವನ್ನು ಮೊದಲು ನೋಡಬೇಕು, ಏಕೆಂದರೆ ಜಪಾನಿನ ಒಳಬಳಕೆಗೆ ತಯಾರಾದವು 100 ವೋಲ್ಟ್‌ನವಾಗಿದ್ದು, ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತವೆ. ಅನಂತರ ವಾಲ್ಯೂಮ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ ಕರಕರ ಸದ್ದಿದೆಯೇ ಎಂದು ಕೇಳಬೇಕು. ಕೊನೆಗೆ ಟರ್ನ್‌ಟೇಬಲ್ ಜೋಡಿಸಿ, ಫೋನೋ ಆರಿಸಿ, ತಟ್ಟೆಯ ಮೇಲೆ ಮುಳ್ಳಿಡದೆ ವಾಲ್ಯೂಮನ್ನು ನಾವು ನಿತ್ಯ ಕೇಳುವ ಮಟ್ಟಕ್ಕೆ ಏರಿಸಬೇಕು. ಕೂರುವ ಜಾಗದಿಂದ ಗುಂಯ್ ಎಂಬ ಸದ್ದು ಕೇಳಿಸದಿದ್ದರೆ, ಆ ಸೆಟ್ಟಿನ ಬೆಲೆ ಮಾತಾಡಬಹುದು.