ಶೇಂಗಾ ಉಂಡಿಗೆ ಹಾಲು ಬೇಡ, ಬೇಕಾದ ಎಣ್ಣೆ ಕಾಳಿನಲ್ಲಿಯೇ ಇದೆ

ನಾಗರ ಪಂಚಮಿ ಸಮೀಪಿಸಿದಂತೆ ಧಾರವಾಡ, ಗದಗ, ಹಾವೇರಿ ಕಡೆಯ ಗೃಹ ಉದ್ಯಮದ ಮಹಿಳೆಯರಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ದೂರಿನವು: ಶೇಂಗಾ ಉಂಡಿ ಕಟ್ಟಿದ ದಿನ ಚೆನ್ನಾಗಿತ್ತು, ಮೂರನೆಯ ದಿನ ಬೆವರತೊಡಗಿತು, ಐದನೆಯ ದಿನ ವಾಸನೆ ಬಂತು ಅಥವಾ ಬೂಸ್ಟು ಹಿಡಿಯಿತು. ಬೆಲ್ಲ ಕೆಟ್ಟದ್ದಿತ್ತೆ, ಡಬ್ಬಿ ಸರಿಯಿರಲಿಲ್ಲವೆ, ಮಳೆಯ ತಂಪಿಗೆ ಹೀಗಾಯಿತೆ ಎಂದು ಕೇಳುತ್ತಾರೆ. ಈ ಮೂರೂ ಕಾರಣಗಳು ಇರಬಹುದು. ಆದರೆ ನಾನು ಮೊದಲು ಕೇಳುವುದು, ಉಂಡಿ ಕಟ್ಟುವಾಗ ಹಾಲನ್ನೋ ನೀರನ್ನೋ ಚಿಮುಕಿಸಿದಿರಾ ಎಂದು. ಒಂದು ಕ್ಷಣ ಸುಮ್ಮನಿದ್ದು, ಬಹುತೇಕ ಎಲ್ಲರೂ ಹೇಳುವ ಉತ್ತರ ಒಂದೇ: "ಸ್ವಲ್ಪೇ ಹಾಕೀನ್ರೀ ಅಕ್ಕಾರ, ಉಂಡಿ ಕಟ್ಟಾಕ ಬರವಲ್ದಾಗಿತ್ತು."

ಆಹಾರ ಸಂಸ್ಕರಣೆಯ ತರಬೇತಿ ಕೊಡುವುದು ನನ್ನ ವೃತ್ತಿ. ಹುರಿಯುವುದು, ಸಿಪ್ಪೆ ತೆಗೆಯುವುದು, ಏಲಕ್ಕಿ ಎಷ್ಟು ಹಾಕಬೇಕೆಂಬುದು ನನ್ನ ಓದುಗರಿಗೆ ಗೊತ್ತಿರುವ ಸಂಗತಿಗಳೇ ಆದ್ದರಿಂದ ಅವುಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಆ "ಸ್ವಲ್ಪೇ" ಎಂಬ ಒಂದು ಚಮಚ ಹಾಲಿನ ಬಗ್ಗೆ ಮಾತ್ರ ಬಿಡಿಸಿ ಬರೆಯಬೇಕಾಗಿದೆ. ಎಷ್ಟು ಸಾರಿ ಹೇಳಿದರೂ ಮುಂದಿನ ವರ್ಷ ಅದೇ ಕರೆ ಅದೇ ಮನೆಯಿಂದ ಬರುತ್ತಿದೆ.

ಶೇಂಗಾಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ನಾಲ್ಕರಲ್ಲೊಂದು ಪಾಲು ಪ್ರೋಟೀನು. ಅಂದರೆ 500 ಗ್ರಾಂ ಕಾಳು ತೆಗೆದುಕೊಂಡರೆ ಅದರೊಳಗೆ ಸುಮಾರು 240 ಗ್ರಾಂ ಎಣ್ಣೆ ಕುಳಿತಿದೆ. ಇಷ್ಟು ಎಣ್ಣೆಯಿರುವ ಪದಾರ್ಥವನ್ನು ಒಗ್ಗೂಡಿಸುವುದಕ್ಕೆ ಹೊರಗಿನಿಂದ ಮತ್ತೇನನ್ನೂ ತರಬೇಕಾಗಿಲ್ಲ. ಕಷ್ಟವಿರುವುದು ಆ ಎಣ್ಣೆ ಎಲ್ಲಿದೆ ಎಂಬಲ್ಲಿ. ಅದು ಕಾಳಿನ ಜೀವಕೋಶಗಳ ಒಳಗೆ, ಪ್ರೋಟೀನಿನ ತೆಳುಪೊರೆ ಹೊದ್ದ ಅತಿ ಸಣ್ಣ ಹನಿಗಳಾಗಿ ಇರುತ್ತದೆ. ಕೋಶ ಒಡೆದರೆ ಮಾತ್ರ ಅದು ಹೊರಬಂದು ಬೆಲ್ಲದ ಪುಡಿಗೂ ಶೇಂಗಾ ಪುಡಿಗೂ ಸವರಿಕೊಂಡು ಎರಡನ್ನೂ ಹಿಡಿದಿಡುತ್ತದೆ.

ನಮ್ಮ ಅಜ್ಜಿಯಂದಿರು ಶೇಂಗಾ ಮತ್ತು ಬೆಲ್ಲವನ್ನು ಒಟ್ಟಿಗೇ ಒರಳಿಗೆ ಹಾಕಿ ಕುಟ್ಟುತ್ತಿದ್ದರು. ಒನಕೆಯ ಪೆಟ್ಟು ಕಾಳನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ; ಜಜ್ಜಿದಲ್ಲೆಲ್ಲ ಕೋಶಗಳು ಒಡೆದು ಎಣ್ಣೆ ಒಸರುತ್ತದೆ. ಆದ್ದರಿಂದ ಅವರ ಉಂಡಿಯಲ್ಲಿ ಅಲ್ಲಲ್ಲಿ ತರಿ ಬಾಯಿಗೆ ಸಿಕ್ಕರೂ ಉಂಡಿ ಬಿರಿಯುತ್ತಿರಲಿಲ್ಲ. ಮಿಕ್ಸರಿನ ಅಲಗು ಮಾಡುವ ಕೆಲಸ ಬೇರೆ. ಅದು ಕಾಳನ್ನು ಬೇಗ ಬೇಗ ತುಂಡರಿಸುತ್ತದೆ, ನಾಲ್ಕು ಸುತ್ತಿಗೆ ನೋಡುವುದಕ್ಕೆ ಚೆಂದದ ಪುಡಿಯಾಗುತ್ತದೆ, ಆದರೆ ಆ ಪುಡಿಯ ಪ್ರತಿ ಕಣದೊಳಗೂ ಎಣ್ಣೆ ಇನ್ನೂ ಬೀಗ ಹಾಕಿಕೊಂಡೇ ಇರುತ್ತದೆ. ಅಜ್ಜಿ ಹೇಳಿದ "ತರಿ ತರಿ ಇರಲಿ" ಎಂಬ ಮಾತನ್ನು ಮೊಮ್ಮಗಳು ಚಾಚೂ ತಪ್ಪದೆ ಪಾಲಿಸುತ್ತಾಳೆ. ಒರಳಿನಲ್ಲಿ ಮಾತ್ರ ನಿಜವಾಗುವ ಮಾತು ಅದು ಎಂದು ಆಕೆಗೆ ಹೇಳಿದವರಿಲ್ಲ. ಮುಷ್ಟಿಯಲ್ಲಿ ಹಿಡಿದ ಪುಡಿ ಉದುರುತ್ತದೆ, ಮನೆಯಲ್ಲಿ ಜನ ಕಾಯುತ್ತಿರುತ್ತಾರೆ, ಕೈ ತಾನಾಗಿಯೇ ಹಾಲಿನ ಪಾತ್ರೆಯ ಕಡೆಗೆ ಹೋಗುತ್ತದೆ. ಆ ಹೆಣ್ಣುಮಕ್ಕಳ ಅವಸರ ನನಗೆ ಅರ್ಥವಾಗುತ್ತದೆ. ರೊಟ್ಟಿ ಪಂಚಮಿಯ ರೊಟ್ಟಿ, ಬಗೆಬಗೆಯ ಪಲ್ಯ, ಚಟ್ನಿಪುಡಿ, ಅಳ್ಳು, ತಂಬಿಟ್ಟು, ಎಳ್ಳುಂಡಿ ಎಲ್ಲವೂ ಅದೇ ಎರಡು ಮೂರು ದಿನಗಳಲ್ಲಿ ಆಗಬೇಕು, ತವರಿಗೆ ಬರುವ ಮಗಳಿಗೆ ಬುತ್ತಿಯೂ ಕಟ್ಟಬೇಕು. ಹಾಗಿದ್ದರೂ ಹಾಲು ಬೇಡವೆಂದೇ ನಾನು ಹೇಳುತ್ತೇನೆ.

ಹಾಲು ಹಾಕಿದ ತಕ್ಷಣ ಏನಾಗುತ್ತದೆ ನೋಡಿ. ಬೆಲ್ಲದ ಕಣಗಳ ಮೇಲ್ಮೈ ಕರಗಿ ಅಂಟಾಗುತ್ತದೆ, ಆದ್ದರಿಂದ ಆ ಹೊತ್ತಿಗೆ ಉಂಡಿ ಕಟ್ಟಲು ಬರುತ್ತದೆ, ಸಮಸ್ಯೆ ಮುಗಿಯಿತೆಂದು ಅನಿಸುತ್ತದೆ. ಸಾಕಷ್ಟು ಎಣ್ಣೆ ಬಿಟ್ಟ ಮಿಶ್ರಣಕ್ಕೆ ಹಾಲು ಹಾಕಿದವರಂತೂ ಬೇರೊಂದು ವಿಚಿತ್ರ ಕಂಡಿರುತ್ತಾರೆ: ಮೆತ್ತಗಾಗಬೇಕಾದ ಮಿಶ್ರಣ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುತ್ತದೆ. ಎಣ್ಣೆಯಲ್ಲಿ ತೇಲುತ್ತಿದ್ದ ಪ್ರೋಟೀನು ಮತ್ತು ಪಿಷ್ಟದ ಕಣಗಳು ಒಂದಿಷ್ಟು ತೇವ ಸಿಕ್ಕೊಡನೆ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಬಿಗಿಯಿತೆಂದು ಇನ್ನೊಂದು ಚಮಚ ಹಾಕುತ್ತಾರೆ, ಅಲ್ಲಿಂದ ಮುಂದೆ ಲೆಕ್ಕ ತಪ್ಪುತ್ತದೆ.

ಚೆನ್ನಾಗಿ ಹುರಿದ ಶೇಂಗಾದಲ್ಲಿ ತೇವಾಂಶ ನೂರಕ್ಕೆ ಎರಡಕ್ಕಿಂತ ಕಡಿಮೆ. ಆ ಒಣತನವೇ ಉಂಡಿಯನ್ನು ಕಾಯುತ್ತದೆ. ಬೂಸ್ಟಿಗಾಗಲಿ ಬ್ಯಾಕ್ಟೀರಿಯಾಕ್ಕಾಗಲಿ ಬೆಳೆಯುವುದಕ್ಕೆ ಅಲ್ಲಿ ನೀರಿಲ್ಲ. ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾ ಒಣ ಪದಾರ್ಥದಲ್ಲಿ ಬೆಳೆಯದೆ ಇದ್ದರೂ ಸಾಯದೆ ಬಹಳ ಕಾಲ ಉಳಿಯಬಲ್ಲದು, ತೇವ ಸಿಕ್ಕರೆ ಹೆಚ್ಚಬಲ್ಲದು. ಹಾಲು ಬರೀ ನೀರನ್ನಲ್ಲ, ಅದರ ಜೊತೆಗೆ ಅವುಗಳಿಗೆ ಆಹಾರವನ್ನೂ ಒದಗಿಸುತ್ತದೆ. ಒಂದು ಚಮಚ ಹಾಲು ಹಾಕಿದ ಮಾತ್ರಕ್ಕೆ ಪ್ರತಿ ಉಂಡಿಯೂ ಅಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಅದೇ ದಿನ ತಿಂದು ಮುಗಿಸುವ ಮನೆಗೆ ಬಹುಶಃ ಏನೂ ಆಗದು. ಆದರೆ ಪಂಚಮಿ ಉಂಡಿ ಅದೇ ದಿನ ಮುಗಿಯುವ ಪದಾರ್ಥವಲ್ಲ. ಅದು ಡಬ್ಬಿಯಲ್ಲಿ ವಾರಗಟ್ಟಲೆ ಇರುತ್ತದೆ, ಬಸ್ಸಿನಲ್ಲಿ ಬೆಂಗಳೂರು, ಪುಣೆಗೆ ಹೋಗುತ್ತದೆ, ನೆರೆಮನೆಯ ಮಕ್ಕಳ ಕೈಗೆ ಹೋಗುತ್ತದೆ. ಅದರಲ್ಲೂ ಶ್ರಾವಣದ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆಲ್ಲಕ್ಕೆ ಗಾಳಿಯ ತೇವವನ್ನು ಹೀರುವ ಗುಣ ಮೊದಲೇ ಇದೆ. ಸಂಕ್ರಾಂತಿಯ ಒಣ ಹವೆಯಲ್ಲಿ ಪಾರಾಗುವ ತಪ್ಪು ಪಂಚಮಿಯಲ್ಲಿ ಪಾರಾಗುವುದಿಲ್ಲ.

ಹಾಗಾದರೆ ಮಿಕ್ಸರಿನಲ್ಲಿ ಒರಳಿನ ಕೆಲಸ ಹೇಗೆ ಮಾಡಿಸುವುದು? ಶಿಬಿರಗಳಲ್ಲಿ ನಾನು ಹೇಳಿಕೊಡುವ ಉಪಾಯ ಬಹಳ ಸರಳ. ಹುರಿದು ಸಿಪ್ಪೆ ತೆಗೆದ ಕಾಳನ್ನು ನಾಲ್ಕು ಪಾಲು ಮಾಡಿ. ಮೂರು ಪಾಲನ್ನು ಪೂರ್ತಿ ಆರಿಸಿ, ಮಿಕ್ಸರನ್ನು ತಡೆದು ತಡೆದು ತಿರುಗಿಸಿ ನಿಮಗೆ ಬೇಕಾದ ಹಾಗೆ ತರಿ ಪುಡಿ ಮಾಡಿಟ್ಟುಕೊಳ್ಳಿ. ಉಳಿದ ಒಂದು ಪಾಲನ್ನು ಇನ್ನೂ ಉಗುರುಬೆಚ್ಚಗಿರುವಾಗಲೇ ಸಣ್ಣ ಜಾರಿಗೆ ಹಾಕಿ, ನಿಲ್ಲಿಸದೆ ಬೀಸಿ. ಮೊದಲು ಪುಡಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ, ಮುಕ್ಕಾಲು ಮಂದಿ ಕೈಬಿಡುವುದು ಅಲ್ಲಿಯೇ. ಮುಂದೆ ಪುಡಿ ಒದ್ದೆ ಮರಳಿನಂತೆ ಜಾರಿನ ಗೋಡೆಗೆ ಹತ್ತಿಕೊಂಡು ಅಲಗು ಬರಿದೇ ತಿರುಗುತ್ತದೆ. ಮಿಕ್ಸರು ಕೆಟ್ಟಿತೆಂದು ಗಾಬರಿಯಾಗದೆ ಚಮಚದಿಂದ ಗೋಡೆಯನ್ನು ಕೆರೆದು ಒಳಗೆ ತಳ್ಳಿ, ಮೋಟಾರಿಗೆ ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ ತಿರುಗಿಸಿ. ಹೀಗೆ ಎರಡು ಮೂರು ಸಾರಿ ಮಾಡಿದ ಮೇಲೆ ಅದು ಒಂದು ಮುದ್ದೆಯಾಗುತ್ತದೆ, ಮುದ್ದೆ ಹೊಳೆಯತೊಡಗುತ್ತದೆ, ಕೊನೆಗೆ ಅಲಗಿನ ಸುತ್ತ ದಪ್ಪಗೆ ಹರಿಯುತ್ತದೆ. ಒಂದು ಹನಿ ಎಣ್ಣೆಯನ್ನೂ ಹಾಕದೆ ಕಾಳು ತನ್ನ ಎಣ್ಣೆಯಲ್ಲಿಯೇ ಕರಗಿ ಬರುವುದನ್ನು ಮೊದಲ ಸಾರಿ ಕಂಡವರ ಮುಖ ನೋಡುವುದು ನನಗೆ ಇಂದಿಗೂ ಸಂತೋಷದ ಕೆಲಸ. ಅಂಗಡಿಯಲ್ಲಿ ಪೀನಟ್ ಬಟರ್ ಎಂದು ದುಬಾರಿ ಬೆಲೆಗೆ ಮಾರುವ ಪದಾರ್ಥ ಮೂಲದಲ್ಲಿ ಇದೇ.

ಈ ಒಂದು ಪಾಲು ಶೇಂಗಾ ಬೆಣ್ಣೆಯನ್ನು ಮೂರು ಪಾಲು ಪುಡಿಗೆ ಸೇರಿಸಿ, ಹೆರೆದ ಬೆಲ್ಲ ಹಾಕಿ, ಅಂಗೈಯ ಬುಡದಿಂದ ತಟ್ಟೆಗೆ ಒತ್ತಿ ಒತ್ತಿ ನಾದಿ. ಬೆರಳ ತುದಿಯಿಂದ ಕಲಸಿದರೆ ಸಾಲದು, ಒತ್ತಡ ಬೇಕು. 500 ಗ್ರಾಂ ಕಾಳಿಗೆ 300ರಿಂದ 325 ಗ್ರಾಂ ಬೆಲ್ಲ, ಒಂದು ಚಿಟಿಕೆ ಉಪ್ಪು, ಏಲಕ್ಕಿ; ಇಷ್ಟಕ್ಕೆ 30 ಗ್ರಾಂ ತೂಕದ ಸುಮಾರು 25 ಉಂಡಿಗಳಾಗುತ್ತವೆ. ಬೆಲ್ಲ ಗಟ್ಟಿಯಾದ, ಒಣಗಿದ ಬೆಲ್ಲವಾಗಿರಲಿ. ಚಾಕುವಿಗೆ ಮೆತ್ತಗೆ ಅಂಟುವ ಬೆಲ್ಲ ಹೋಳಿಗೆಯ ಹೂರಣಕ್ಕೆ ಆದೀತು, ಉಂಡಿಗೆ ಬೇಡ.

ಹದ ತಿಳಿಯುವುದನ್ನು ನಾನು ಕಲಿತದ್ದು ರಾಣೆಬೆನ್ನೂರು ಕಡೆಯ ಹಳ್ಳಿಯೊಂದರಲ್ಲಿ. ಶಿಬಿರಕ್ಕೆ ಮೊಮ್ಮಗಳ ಜೊತೆ ಸುಮ್ಮನೆ ಬಂದು ಕುಳಿತಿದ್ದ ಹಿರಿಯರೊಬ್ಬರು, ನಾನು ತೂಕ, ತೇವಾಂಶ ಎಂದು ವಿವರಿಸುತ್ತಿದ್ದುದನ್ನೆಲ್ಲ ತಾಳ್ಮೆಯಿಂದ ಕೇಳಿ, ಆಮೇಲೆ ಎದ್ದು ಬಂದು ಒಂದು ಹಿಡಿ ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅದುಮಿದರು. ಮುಷ್ಟಿ ಬಿಚ್ಚಿ ಉಂಡೆಯನ್ನು ನೋಡಲಿಲ್ಲ. ಅದನ್ನು ತಟ್ಟೆಗೆ ಹಾಕಿ ಬರಿಗೈಯನ್ನು ಬೆಳಕಿಗೆ ಹಿಡಿದರು. ಅಂಗೈಯ ಗೆರೆಗಳಲ್ಲಿ ತೆಳ್ಳಗೆ ಎಣ್ಣೆಯ ಹೊಳಪು ಇತ್ತು, ಪುಡಿ ಒಂದಿಷ್ಟೂ ಅಂಟಿರಲಿಲ್ಲ. "ಈಗ ಕಟ್ರಿ, ಇನ್ನೇನೂ ಬ್ಯಾಡ" ಎಂದರು. ಅಂದಿನಿಂದ ನಾನೂ ಇದನ್ನೇ ಹೇಳಿಕೊಡುತ್ತೇನೆ. ಅಂಗೈ ಒಣಗಿದ್ದು ಪುಡಿ ಅಂಟಿದರೆ ಬೆಣ್ಣೆ ಸಾಲದು, ಇನ್ನೊಂದು ಹಿಡಿ ಕಾಳನ್ನು ನುಣ್ಣಗೆ ಬೀಸಿ ಸೇರಿಸಿ. ಎಣ್ಣೆ ಬೆರಳ ಸಂದಿನಿಂದ ಇಳಿಯುವಂತಿದ್ದರೆ ಹೆಚ್ಚಾಯಿತು, ಒಣ ಪುಡಿ ಬೆರೆಸಿ.

ತುಪ್ಪ ಹಾಕಬಹುದೇ ಎಂದು ಕೇಳುವವರಿಗೆ ಬೇಡವೆನ್ನುವುದಿಲ್ಲ. ಚೆನ್ನಾಗಿ ಕಾಯಿಸಿದ ತುಪ್ಪದಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಹಾಲಿನಂತೆ ಅದು ಉಂಡಿಯನ್ನು ಕೆಡಿಸುವುದಿಲ್ಲ. ಆದರೆ ಅದರ ಅಗತ್ಯವೂ ಇಲ್ಲ, ಮತ್ತು ಒಳ್ಳೆಯ ಶೇಂಗಾದ ಘಮವನ್ನು ತುಪ್ಪ ಮುಚ್ಚಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿ ಸಿಗುವ ಪೀನಟ್ ಬಟರಿನಿಂದಲೇ ಮಾಡಬಹುದೇ ಎಂದು ಬರೆಯುತ್ತಾರೆ, ಖಂಡಿತ ಮಾಡಬಹುದು. ಅಲ್ಲಿನ ನಿಯಮದಂತೆ ಆ ಹೆಸರಿನಲ್ಲಿ ಮಾರುವ ಪದಾರ್ಥದಲ್ಲಿ ನೂರಕ್ಕೆ ತೊಂಬತ್ತಕ್ಕೆ ಕಡಿಮೆಯಿಲ್ಲದಂತೆ ಶೇಂಗಾ ಇರಲೇಬೇಕು, ಉಳಿದದ್ದು ಉಪ್ಪು, ಸಕ್ಕರೆ, ಎಣ್ಣೆ ಮೇಲೆ ತೇಲದಂತೆ ತಡೆಯುವ ಗಟ್ಟಿ ಕೊಬ್ಬು ಇತ್ಯಾದಿ. ಬರೀ ಶೇಂಗಾದಿಂದ ಮಾಡಿದ್ದನ್ನು ಆರಿಸಿ, ಮೇಲೆ ನಿಂತ ಎಣ್ಣೆಯನ್ನು ಚೆಲ್ಲದೆ ತಳದಿಂದ ಕಲಕಿ, ಒಂದಕ್ಕೆ ಮೂರರಂತೆ ಹುರಿದ ಕಾಳಿನ ಪುಡಿ ಬೆರೆಸಿ. ಉಪ್ಪು, ಸಕ್ಕರೆ ಇರುವ ಡಬ್ಬಿಯಾದರೆ ಬೆಲ್ಲವನ್ನು ಒಂದಿಷ್ಟು ಇಳಿಸಿ, ಚಿಟಿಕೆ ಉಪ್ಪನ್ನು ಬಿಟ್ಟುಬಿಡಿ.

ಕಾಳು ಆರಿಸುವುದರ ಬಗ್ಗೆ ಒಂದು ಮಾತನ್ನು ಮಾತ್ರ ಹೇಳದೆ ಬಿಡಲಾರೆ, ಏಕೆಂದರೆ ನುಣ್ಣಗೆ ಬೀಸಿದ ಮೇಲೆ ಕೆಟ್ಟ ಕಾಳು ಕಣ್ಣಿಗೆ ಬೀಳುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಅವುಗಳಿಗೆ ತಿನ್ನಿಸಿದ ಬ್ರೆಜಿಲ್ಲಿನ ಶೇಂಗಾ ಹಿಂಡಿಯಲ್ಲಿ ಬೂಸ್ಟಿನಿಂದ ಉಂಟಾದ ವಿಷ ಸಿಕ್ಕಿತು. ಅದೇ ಅಫ್ಲಾಟಾಕ್ಸಿನ್. ಮನೆಯ ಬಾಣಲೆಯಲ್ಲಿ ಹುರಿದರೆ ಅದು ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಹುರಿಯುವ ಮುನ್ನವೇ ಕಾಳನ್ನು ಮೊರದಲ್ಲಿ ಹರಡಿ, ಮುದುಡಿದ್ದು, ಕಪ್ಪಾದದ್ದು, ಹಸಿರು ಬೂಸ್ಟು ಹಿಡಿದದ್ದು, ಒಡೆದದ್ದನ್ನೆಲ್ಲ ತೆಗೆದುಹಾಕಿ. ಹುರಿದ ಮೇಲೆ ಒಂದೆರಡು ಕಾಳನ್ನು ಬಾಯಿಗೆ ಹಾಕಿ ನೋಡಿ. ಕಹಿಯೋ ಕಮಟೋ ಇದ್ದರೆ ಎಷ್ಟೇ ಬೆಲ್ಲ ಹಾಕಿದರೂ ಆ ರುಚಿ ಹೋಗುವುದಿಲ್ಲ.

ಇನ್ನು, ಉಂಡಿ ಹಂಚುವ ಮುನ್ನ ಆ ಮನೆಯಲ್ಲಿ ಶೇಂಗಾ ಒಗ್ಗದವರು ಇದ್ದಾರೆಯೇ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ, ಬರಬೇಕು. ಕೆಲವರಿಗೆ ಶೇಂಗಾ ಅಲರ್ಜಿ ಪ್ರಾಣಕ್ಕೇ ಎರವಾಗುತ್ತದೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಕೊಡುವ ಉಂಡಿಯಲ್ಲಿ ಇಡೀ ಕಾಳು, ದೊಡ್ಡ ತರಿ ಇರದಂತೆ ನೋಡಿಕೊಳ್ಳಿ, ಅವು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಹಾಲು ಹಾಕದೆ ಕಟ್ಟಿದ ಉಂಡಿಯನ್ನು ಒಂದು ತಾಸು ಆರಲು ಬಿಟ್ಟು, ಒಣಗಿದ ಗಾಳಿಯಾಡದ ಡಬ್ಬಿಗೆ ತುಂಬಿ, ಒಣಗಿದ ಕೈಯಿಂದಲೇ ತೆಗೆಯುತ್ತಿದ್ದರೆ ಮಳೆಗಾಲದಲ್ಲಿಯೂ ಎರಡು ವಾರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮಾರಾಟಕ್ಕೆ ಮಾಡುವವರು ನನ್ನ ಈ ಮಾತನ್ನೇ ನಂಬಿ ಲೇಬಲ್ಲಿನ ಮೇಲೆ ದಿನಾಂಕ ಹಾಕಬಾರದು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಹಾಕಬೇಕು. ಈಗಾಗಲೇ ಹಾಲು ಹಾಕಿ ಕಟ್ಟಿಬಿಟ್ಟಿದ್ದರೆ ಅವನ್ನು ಊರಿಗೆ ಕಳಿಸುವ ಡಬ್ಬಿಗೆ ಹಾಕದೆ ಆ ದಿನವೇ ಫ್ರಿಜ್ಜಿನಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ, ಇಲ್ಲವೇ ಅದೇ ದಿನ ಪುಡಿಮಾಡಿ ಶೇಂಗಾ ಹೋಳಿಗೆಯ ಹೂರಣಕ್ಕೆ ಬಳಸಿ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡದ ಮನೆಯವರು ಹೋಳಿಗೆಯನ್ನು ಅದರ ಹಿಂದಿನ ದಿನವೇ ಬೇಯಿಸಿಟ್ಟುಕೊಳ್ಳಬೇಕು.