ಕಡಿಮೆ ಮಾಡಿ ಎಂದು ಕೇಳದವರಿಗೂ ರಿಯಾಯಿತಿ

ಆಪ್ತಸಮಾಲೋಚನೆಗೆ ಬಂದು "ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಮೇಡಂ" ಎನ್ನುವವರೆಲ್ಲ ಬಡವರಲ್ಲ. ಹಲವರಿಗೆ ಕೇಳುವುದು ಅಭ್ಯಾಸ. ನಿಜಕ್ಕೂ ಕಷ್ಟದಲ್ಲಿರುವವರು ಪೂರ್ತಿ ಶುಲ್ಕ ಕೊಟ್ಟು, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಚೌಕಾಸಿಗೆ ಬಿಟ್ಟರೆ ರಿಯಾಯಿತಿ ಸಿಗುವುದು ಬಾಯಿದ್ದವರಿಗೆ. ಅದಕ್ಕೇ ನಾನು ಮೊದಲ ಭೇಟಿಗೆ ಮುನ್ನವೇ ಮೂರು ದರಗಳನ್ನು ಬರೆದು ಕಳುಹಿಸುತ್ತೇನೆ: ಗಂಟೆಗೆ 1,500, 900, 400 ರೂಪಾಯಿ. ಯಾವುದು ತಮ್ಮದೆಂದು ಅವರೇ ಹೇಳಬೇಕು.

ದಾಖಲೆ ಕೇಳುವುದಿಲ್ಲವೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸುತ್ತಾರೆ. ಆದಾಯ ಪ್ರಮಾಣಪತ್ರ ಹೇಳುವುದು ಮನೆಗೆ ಎಷ್ಟು ಹಣ ಬರುತ್ತದೆ ಎಂಬುದನ್ನು. ಅದು ಯಾರ ಕೈಯಲ್ಲಿದೆ ಎಂಬುದನ್ನಲ್ಲ. ಗಂಡನಿಗೆ ಒಳ್ಳೆಯ ಸಂಬಳ, ಸ್ವಂತ ಮನೆ. ಆದರೆ ಹೆಂಡತಿ ಶುಲ್ಕ ಕೊಡುವುದು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ನೋಟುಗಳಿಂದ. ಯುಪಿಐ ಮಾಡಿದರೆ ಜಂಟಿ ಖಾತೆಯ ಸಂದೇಶ ಗಂಡನ ಮೊಬೈಲಿಗೆ ಹೋಗುತ್ತದೆ! ಕಾಗದದ ಪ್ರಕಾರ ಆಕೆ 1,500ರವರು. ಹಾಗಾಗಿ ಪ್ರತಿ ದರದ ಪಕ್ಕದಲ್ಲಿ ಸಂಬಳದ ಅಂಕಿಯ ಬದಲು ಒಂದು ಸಾಲು ಬರೆದಿದ್ದೇನೆ. 400ರ ಪಕ್ಕದಲ್ಲಿರುವುದು: "ಇದಕ್ಕಿಂತ ಹೆಚ್ಚು ಕೊಟ್ಟರೆ ಬಾಡಿಗೆ, ಊಟ, ಔಷಧಿಗಳಲ್ಲಿ ಒಂದಕ್ಕೆ ಕೊರತೆಯಾಗುತ್ತದೆ." ಸುಳ್ಳು ಹೇಳುವವರು ಇರಬಹುದು. ಅವರನ್ನು ಹಿಡಿಯಲು ಉಳಿದವರ ಮಾನ ಕಳೆಯುವ ವ್ಯವಸ್ಥೆ ನನಗೆ ಬೇಡ.

ಈ ದಾರಿಯಲ್ಲಿ ಹಿರಿಯರೆಂದರೆ ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು. ನಿವೃತ್ತಿಯ ನಂತರ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಆಸ್ಪತ್ರೆ ಅದು. ಉಚಿತವೋ ಶುಲ್ಕವೋ ಎಂಬ ಆಯ್ಕೆ ರೋಗಿಯದು. ಕೋಣೆ, ಹಾಸಿಗೆಗಳಲ್ಲಿ ವ್ಯತ್ಯಾಸವುಂಟು, ವೈದ್ಯರಲ್ಲಿ ಇಲ್ಲ.

ಆದರೆ ಅವರ ಲೆಕ್ಕವನ್ನು ನಾವು ಹಾಗೆಯೇ ಎತ್ತಿಕೊಳ್ಳಲಾಗದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದರ ಖರ್ಚು ಇಳಿಯುತ್ತದೆ. 1992ರಲ್ಲಿ ಅವರು ಅರೋಲ್ಯಾಬ್ ಎಂಬ ತಯಾರಿಕಾ ಘಟಕ ಸ್ಥಾಪಿಸಿ, ಪೊರೆ ತೆಗೆದ ಕಣ್ಣಿಗೆ ಇಡುವ ಮಸೂರವನ್ನೂ ತಾವೇ ಅಗ್ಗವಾಗಿ ತಯಾರಿಸತೊಡಗಿದರು. ಆಪ್ತಸಮಾಲೋಚಕರ ಗಂಟೆ ಎಷ್ಟು ಮಾಡಿದರೂ ಗಂಟೆಯೇ. ವಾರದ 20 ಗಂಟೆಗಳಲ್ಲಿ ಮೇಲಿನ ದರಕ್ಕೆ 8, ನಡುವಿನದಕ್ಕೆ 8, ಕೆಳಗಿನದಕ್ಕೆ 4 ಎಂದಿಟ್ಟರೆ ಸರಾಸರಿ 1,040 ರೂಪಾಯಿ. ಮೇಲಿನ ನಾಲ್ಕು ಗಂಟೆ ಕೆಳಕ್ಕೆ ಜಾರಿದರೆ ಅದು 820ಕ್ಕೆ ಬರುತ್ತದೆ; ಕೋಣೆಯ ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ. ಆದ್ದರಿಂದ ಕೆಳಗಿನ ದರದ ಗಂಟೆಗಳಿಗೆ ಮಿತಿ ಬೇಕೇ ಬೇಕು. ಹಾಗೆಂದು 1,500 ಅನ್ನು 2,200 ಮಾಡಿ ಆಮೇಲೆ ಇಳಿಸಿ ತೋರಿಸುವುದು ಆಷಾಢದ ಸೀರೆ ಮಾರಾಟವಾಯಿತು.

ಇನ್ನೊಂದು ಮಾತು: 400 ರೂಪಾಯಿಯವರನ್ನು ಮಧ್ಯಾಹ್ನ ಎರಡು ಗಂಟೆಗೆ ತಳ್ಳಬಾರದು. ಗಾರ್ಮೆಂಟ್ಸ್ ಕೆಲಸದವರಿಗೆ ಆ ಹೊತ್ತಿಗೆ ಬರುವುದೆಂದರೆ ಅರ್ಧ ದಿನದ ಕೂಲಿ ಹೋದಂತೆ. ಸಂಜೆಯ ಗಂಟೆಗಳಲ್ಲಿ ಅವರಿಗೂ ಪಾಲಿರಲಿ.

400ರ ದರದ ನಾಲ್ಕೂ ಗಂಟೆ ತುಂಬಿದ್ದರೆ ತುಂಬಿದೆ ಎಂದೇ ಹೇಳಿ, ಕಾಯುವವರ ಪಟ್ಟಿಗೆ ಹೆಸರು ಬರೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಔಷಧಿ ಬೇಕಾದೀತು ಎನ್ನಿಸಿದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಬರೆದುಕೊಡುತ್ತೇನೆ.