‘ದಿ ಲೋನ್ಲಿ ಲಂಡನರ್ಸ್’: ನಿರೂಪಕನ ಬಾಯಲ್ಲೂ ಊರ ಮಾತು

ಮಾನಸಗಂಗೋತ್ರಿಯಲ್ಲಿ ನನ್ನ ಜೊತೆ ಇಂಗ್ಲಿಷ್ ಎಂ.ಎ. ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಸ್ಯಾಮ್ ಸೆಲ್ವನ್ ಅಂದ ತಕ್ಷಣ ವಲಸೆ, ವರ್ಣಭೇದ, ಒಂಟಿತನ ಅಂತ ಬರೆದು ಉತ್ತರ ಮುಗಿಸುತ್ತೇವೆ. ಅದೆಲ್ಲ ಇದೆ. ಆದರೆ 1956ರ ಈ ಕಾದಂಬರಿ ಇವತ್ತಿಗೂ ಉಳಿದಿರುವುದು ಅದರ ಮಾತಿನಿಂದ ಅಂತ ನನ್ನ ವಾದ.

ಹಿನ್ನೆಲೆ ಇಷ್ಟು ಸಾಕು: ವಿಂಡ್ರಷ್ ಹಡಗು ವೆಸ್ಟ್ ಇಂಡೀಸ್‌ನಿಂದ ಜನರನ್ನು ಹೊತ್ತು ಬ್ರಿಟನ್ನಿಗೆ ಬಂದದ್ದು 1948ರಲ್ಲಿ. ಟ್ರಿನಿಡಾಡ್‌ನ ಸೆಲ್ವನ್ ಲಂಡನ್‌ಗೆ ಹೋದದ್ದು 1950ರಲ್ಲಿ. ಅವರ ತಂದೆಯ ಮೂಲ ಮದ್ರಾಸ್.

ಕಥೆ ಅಂತ ದೊಡ್ಡದೇನಿಲ್ಲ. ಲಂಡನ್ನಿನಲ್ಲಿ ವರ್ಷಗಳಿಂದ ಇರುವ ಟ್ರಿನಿಡಾಡ್‌ನವನು ಮೋಸೆಸ್. ಚಳಿಗಾಲದಲ್ಲಿ ಅವನು ವಾಟರ್ಲೂ ಸ್ಟೇಷನ್ನಿಗೆ ಹೋಗಿ, ಊರಿನಿಂದ ಹೊಸದಾಗಿ ಬಂದ ಗಲಾಹಾಡ್‌ನನ್ನು ಕರೆತರುತ್ತಾನೆ. ಆ ಪುಣ್ಯಾತ್ಮ ತೆಳು ಬಟ್ಟೆಯಲ್ಲಿ, ಲಗೇಜೇ ಇಲ್ಲದೆ ಇಳಿದಿರುತ್ತಾನೆ! ಭಾನುವಾರ ಎಲ್ಲರೂ ಮೋಸೆಸ್ ರೂಮಿನಲ್ಲಿ ಸೇರಿ ಹರಟುತ್ತಾರೆ. ಮಂಡ್ಯದ ಹುಡುಗರು ಬೆಂಗಳೂರಿನಲ್ಲಿ ಊರಿನವನ ರೂಮು ಹುಡುಕಿಕೊಂಡು ಹೋಗ್ತಾರಲ್ಲ, ಹಾಗೆ.

ಈಗ ಮುಖ್ಯ ವಿಷಯ. ಪಾತ್ರಗಳು ಆಡುಮಾತಿನಲ್ಲಿ ಮಾತಾಡುವುದು, ನಿರೂಪಕ ಮಾತ್ರ ಶಿಷ್ಟ ಇಂಗ್ಲಿಷಿನಲ್ಲಿ ಕಥೆ ಹೇಳುವುದು ಆಗಿನ ವಾಡಿಕೆ. ಸೆಲ್ವನ್ ಕೂಡ ಮೊದಲು ಹಾಗೇ ಶುರುಮಾಡಿದರು. ಬರವಣಿಗೆ ಮುಂದೆ ಸಾಗಲಿಲ್ಲ. ನಿರೂಪಣೆಯನ್ನೂ ಕೆರಿಬಿಯನ್ ಮಾತಿಗೆ ತಿರುಗಿಸಿದ ಮೇಲೆ ಸರಾಗವಾಯಿತು. ಇದು ಅಚ್ಚ ಟ್ರಿನಿಡಾಡ್ ಮಾತಲ್ಲ, ಹೊರಗಿನವರಿಗೂ ತಿಳಿಯುವಂತೆ ತಿದ್ದಿಕೊಂಡದ್ದು. ಇವರೇ ಮೊದಲಿಗರು ಅಂತ ಮಾತ್ರ ಬರೆಯಬೇಡಿ. ಜಮೈಕಾದ ಲೇಖಕ ವಿ.ಎಸ್. ರೀಡ್ 1949ರಲ್ಲೇ ‘ನ್ಯೂ ಡೇ’ ಕಾದಂಬರಿಯನ್ನು ಜಮೈಕಾದ ಮಾತಿನ ಧಾಟಿಯಲ್ಲಿ ಬರೆದಿದ್ದರು. ಆದರೆ ಅದು ಜಮೈಕಾದ ಕಥೆ. ಸೆಲ್ವನ್ ಆ ಬಗೆಯ ಮಾತಿನಲ್ಲಿ ಲಂಡನ್ನನ್ನೇ ವಿವರಿಸಿದರು. ಲಂಡನ್ನಿನ ಬಡಾವಣೆಗಳಲ್ಲಿ ಬೇಸ್‌ವಾಟರ್ ಇಲ್ಲಿ ಬರೀ ‘ವಾಟರ್’, ನಾಟಿಂಗ್ ಹಿಲ್ ಬರೀ ‘ಗೇಟ್’. ಬಂದವರೇ ಊರಿಗೆ ಹೆಸರಿಡುತ್ತಿದ್ದಾರೆ, ಅಲ್ವಾ?

ನಮಗೆ ಇದು ಬೇಗ ಅರ್ಥವಾಗಬೇಕು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲೂ ನಿರೂಪಕ ನಂಜನಗೂಡು ಸೀಮೆಯ ಮಾತನ್ನೇ ಆಡುತ್ತಾನೆ. ಒಂದರಿಂದ ಇನ್ನೊಂದು ಬಂತು ಅಂತಲ್ಲ. ಸುಮ್ನೆ ಪಕ್ಕಪಕ್ಕ ಇಟ್ಟು ಓದಿ.

ಮುಂದೆ ಜಮೈಕಾ ಮೂಲದ ಕವಿ ಲಿಂಟನ್ ಕ್ವೆಸಿ ಜಾನ್ಸನ್ ಲಂಡನ್ನಿನ ಬದುಕನ್ನು ಜಮೈಕಾ ಮಾತಿನಲ್ಲಿ ಕವಿತೆ ಮಾಡಿದಾಗ, ಅದಕ್ಕೆ ಬೇಕಾದ ಕಿವಿಯನ್ನು ಸೆಲ್ವನ್ ಆಗಲೇ ಹದಮಾಡಿದ್ದರು ಅನ್ನುವುದು ನನ್ನ ಲೆಕ್ಕ. ಸೆಲ್ವನ್ ಕೂಡ ಮೋಸೆಸ್‌ನನ್ನು ಬಿಡಲಿಲ್ಲ. 1975ರಲ್ಲಿ ‘ಮೋಸೆಸ್ ಅಸೆಂಡಿಂಗ್’, 1983ರಲ್ಲಿ ‘ಮೋಸೆಸ್ ಮೈಗ್ರೇಟಿಂಗ್’ ಕಾದಂಬರಿಗಳು ಬಂದವು.

‘ದಿ ಲೋನ್ಲಿ ಲಂಡನರ್ಸ್’ನಲ್ಲಿ ಹುಳುಕೂ ಇದೆ. ಹೆಂಗಸರು ಇಲ್ಲಿ ಜಾಸ್ತಿ ಗಂಡಸರ ಹರಟೆಯ ಸರಕು. ಜಮೈಕಾದಿಂದ ಬಂದ ಹಿರಿಯ ಹೆಂಗಸು ಟಾಂಟಿ ಒಬ್ಬಳೇ ಬೇರೆ. ಅಂಗಡಿಯವನನ್ನು ದಬಾಯಿಸಿ, ಅಲ್ಲಿ ಶುಕ್ರವಾರದವರೆಗೆ ಸಾಲ ಕೊಡುವ ಪದ್ಧತಿ ತರುತ್ತಾಳೆ. ಉತ್ತರ ಬರೆಯುವಾಗ ಅವಳನ್ನು ಬಿಡಬೇಡಿ.